ಅಕ್ಕ ತಂದ ನೋವಿನೆಣ್ಣೆ

ಅಕ್ಕನ ಜೊತೆ ದಿನಾ ಬೆಳಿಗ್ಗೆ ನಮ್ಮ ದಾಸರಹಳ್ಳಿ ಕಡೆಯ ಕೆರೆ ಸುತ್ತುತ್ತೇನೆಂದು ಮಾತು ಕೊಟ್ಟಿದ್ದೆ. ಒಂದು ದಿನವೂ ಪೂರ್ತಿ ಸುತ್ತಲಿಲ್ಲ.

ಡಾಕ್ಟರು ನಡೆಯಲು ಹೇಳಿದ್ದು ಸಕ್ಕರೆ ಕಾಯಿಲೆಯ ಅಕ್ಕನಿಗೆ. ಪೀಣ್ಯದ ಕಾರ್ಖಾನೆಯಲ್ಲಿ ದಿನವಿಡೀ ಲೇತ್ ಯಂತ್ರದ ಮುಂದೆ ನಿಲ್ಲುವ ನನಗೆ ಅದು ಬೇಡವಾಗಿತ್ತು. “ನೀನು ಆ ಕಡೆಯಿಂದ ಸುತ್ತು, ನಾನು ಈ ಕಡೆಯಿಂದ ಬರ್ತೀನಿ, ಎದುರಾಗೋಣ” ಎಂದೆ. ಅವಳು ಮರೆಯಾದ ಕೂಡಲೇ ಗೇಟಿನ ಹತ್ತಿರದ ಕಲ್ಲುಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದೆ. ಅವಳು ಕೆರೆ ಸುತ್ತಿ ಬರುವುದು ಕಂಡಾಗ ಎದ್ದು, ಏದುಸಿರು ಬಿಡುತ್ತಾ ನಾಲ್ಕು ಹೆಜ್ಜೆ ಹಾಕುತ್ತಿದ್ದೆ.

ಹದಿನೈದು ದಿನ ಹೀಗೇ ನಡೆಯಿತು. ಮೊನ್ನೆ ಎದುರಾದವಳು ನನ್ನನ್ನು ಅದೇ ಬೆಂಚಿನ ಮೇಲೆ ಕೂರಿಸಿ, ಬ್ಯಾಗಿನಿಂದ ನೋವಿನೆಣ್ಣೆ ತೆಗೆದಳು.

“ಕಾಲು ಕೊಡೋ. ನಾನು ಇಡೀ ಕೆರೆ ಸುತ್ತಿ ಬಂದ್ರೂ ನೀನು ಇಲ್ಲೇ ಇರ್ತೀಯ. ಇಷ್ಟು ನೋವಿಟ್ಕೊಂಡು ನನಗೋಸ್ಕರ ಬರ್ತೀಯಲ್ಲೋ. ನಾಳೆಯಿಂದ ಸುಮ್ನೆ ಕೂತ್ಕೋ, ನಿನ್ನ ಪಾಲಿನ ಸುತ್ತೂ ನಾನೇ ಹಾಕ್ತೀನಿ.”

ಬೆಂಚಿನ ಕೆಳಗೆ ನನ್ನ ಟೀ ಲೋಟ ಇನ್ನೂ ಬೆಚ್ಚಗಿತ್ತು. ಅವಳು ಬಗ್ಗಿ ಮೊಣಕಾಲಿಗೆ ಎಣ್ಣೆ ತಿಕ್ಕತೊಡಗಿದಾಗ ಕಚಗುಳಿಯಾಗಿ ನಗು ಬಂತು, ಅದರ ಬೆನ್ನಿಗೇ ಕಣ್ಣು ತುಂಬಿತು. ಅವಳ ಕೈ ಹಿಡಿದು ಹೇಳಿದೆ: “ತಪ್ಪಾಯ್ತಕ್ಕಾ. ನನ್ನ ಕಾಲು ಚೆನ್ನಾಗೇ ಇದೆ.”