ಗಿರಿಜಳ ಚಟ್ಟಿಗೆ ನನ್ನ ಹೂಮಳೆ

ಹನ್ನೆರಡು ದಿನ ಗುಂಡ್ಲುಪೇಟೆಯ ಅಕ್ಕನ ಮನೆಯಲ್ಲಿದ್ದು ವಾಪಸ್ ಬಂದ ನನ್ನ ಹೆಂಡತಿ ಗಿರಿಜಾ, ಅಂಗಳಕ್ಕೆ ಕಾಲಿಟ್ಟವಳೇ ಸೂರಿನ ಕೆಳಗಿನ ಬಟ್ಟೆ ಹಗ್ಗ ನೋಡಿದಳು. ನನ್ನ ಎರಡು ಬನಿಯನ್, ಒಂದು ಪಂಚೆ. ಅವುಗಳ ಮಧ್ಯೆ ಅವಳ ಏಳು ವರ್ಷದ ಗಿಡ, ತಲೆಕೆಳಗಾಗಿ.

ಆಗ ನಾನೆಲ್ಲಿದ್ದೆ? ಕೊಟ್ಟಿಗೆಯ ಹಿಂದೆ. (ಹಸುವಿಗೆ ಹುಲ್ಲು ಹಾಕುತ್ತಿದ್ದೆ ಅನ್ನಬಹುದಿತ್ತು. ಹಸು ಹೊರಗೆ ಮೇಯುತ್ತಿತ್ತು.)

ಮೊದಲಿನಿಂದ ಹೇಳುತ್ತೇನೆ. ಸುಮ್ಮನೆ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ಹಾಲು ಕಾಯಿಸಲು ನಿಂತರೆ ಅದು ಉಕ್ಕುವಷ್ಟರಲ್ಲಿ ಮೂರು ಸಲ ಉರಿ ಏರಿಸಿ ಇಳಿಸುತ್ತೇನೆ. ನಮ್ಮೂರು ಕಲ್ಲೂರಿನ ಸ್ಟಾಪಿನಲ್ಲಿ ಬಸ್ಸಿಗೆ ಕಾಯಲಾರದೆ ಮುಂದಿನ ಸ್ಟಾಪಿಗೆ ನಡೆಯುತ್ತೇನೆ. ಅರ್ಧ ದಾರಿಯಲ್ಲಿ ಬಸ್ಸು ನನ್ನನ್ನು ದಾಟಿ ಹೋಗುತ್ತದೆ.

ಗಿರಿಜಳ ಗಿಡ ನನಗೆ ಪೂರ್ತಿ ಉಲ್ಟಾ. ಅದರ ಹೆಸರು ಅಡೇನಿಯಂ. ಬುಡ ಗಣಪತಿಯ ಹೊಟ್ಟೆಯ ಹಾಗೆ ಊದಿಕೊಂಡು, ಮೇಲೆ ನಾಲ್ಕು ಗಿಡ್ಡ ಕೊಂಬೆ. ನೀರನ್ನೆಲ್ಲ ಆ ಹೊಟ್ಟೆಯಲ್ಲೇ ಕೂಡಿಟ್ಟುಕೊಂಡು ತಿಂಗಳುಗಟ್ಟಲೆ ಆರಾಮಾಗಿ ಕೂತಿರುತ್ತದೆ. ಬಿಸಿಲು ನಾಡಿನದು, ನಮ್ಮ ವಯನಾಡಿನ ಮಳೆ ಮಂಜು ಅದಕ್ಕೆ ಆಗಿಬರುವುದಿಲ್ಲ. ತೆಂಗಿನ ಚಿಪ್ಪಿನಲ್ಲಿ ಬೀಜ ಹಾಕಿ ಎಬ್ಬಿಸಿದವಳು ಗಿರಿಜಾ. ಇಟ್ಟಿಗೆ ಚೂರು, ದಪ್ಪ ಮರಳು ಬೆರೆಸಿ ಮಣ್ಣು ಮಾಡಿದಳು. ಜೂನ್ ಬಂದರೆ ಸೂರಿನ ಕೆಳಗೆ ತರುತ್ತಿದ್ದಳು. ಎರಡು ವರ್ಷಕ್ಕೊಮ್ಮೆ ಗಿಡ ಎತ್ತಿ, ಹೊಟ್ಟೆ ಇನ್ನಷ್ಟು ಕಾಣುವ ಹಾಗೆ ಮತ್ತೆ ನೆಡುತ್ತಿದ್ದಳು. ಬೇರೆ ಕಡೆ ಎರಡು ವರ್ಷಕ್ಕೇ ಹೂ ಬಿಡುತ್ತದಂತೆ. ನಮ್ಮಲ್ಲಿ ಏಳು ವರ್ಷ ಬರೀ ಹೊಟ್ಟೆ ಬೆಳೆಸಿತು.

ಈ ಸಲ ಡಿಸೆಂಬರಿನಿಂದ ಅದರ ಚಟ್ಟಿಯನ್ನು, ಅಂದರೆ ಕುಂಡವನ್ನು, ಬಾವಿಕಟ್ಟೆಯ ಮೇಲೆ ಇಟ್ಟಿದ್ದಳು. ಪೂರಾ ಬಿಸಿಲು, ನೀರು ಇಲ್ಲವೆನ್ನುವಷ್ಟು ಕಡಿಮೆ. 'ಬಾಯಾರ್ಲಿ ಬುಡಿ. ಸೆಕೆ ಏರ್ದಾಗ ಹೂ ಬುಡ್ತದೆ' ಅನ್ನುತ್ತಿದ್ದಳು.

ಒಂದು ಮಾತು ಒಪ್ಪಿಕೊಳ್ಳಬೇಕು. ನಮ್ಮ ಮನೆಯ ಕಾಫಿ, ಮೆಣಸಿನ ಬಳ್ಳಿ, ಹಸು, ಅಡುಗೆಮನೆಯ ಮಿಕ್ಸಿ, ಎಲ್ಲದರಲ್ಲೂ ನನ್ನ ಕೈ ಇದೆ. ಇಲ್ಲದಿದ್ದದ್ದು ಆ ಚಟ್ಟಿಯಲ್ಲಿ ಮಾತ್ರ. ಅದೊಂದು ಅವಳದು.

ಫೆಬ್ರವರಿಯಲ್ಲಿ ಅಕ್ಕನ ಕಣ್ಣಿನ ಆಪರೇಷನ್ನಿಗೆ ಹೊರಟವಳು ಬಾಗಿಲಲ್ಲಿ ನಿಂತು ಹೇಳಿದಳು: 'ಆ ಚಟ್ಟಿಗೆ ಏನೂ ಮಾಡ್ಬ್ಯಾಡಿ.'

'ನೀರು?'

'ಬ್ಯಾಡ.'

'ಒಂದೇ ಲೋಟ?'

'ಬ್ಯಾಡ ಅಂದ್ನಲ್ಲ.'

ಏನೂ ಮಾಡಬೇಡಿ! ಇದಕ್ಕಿಂತ ಕಷ್ಟದ ಕೆಲಸ ಯಾರಾದರೂ ಗಂಡನಿಗೆ ಕೊಟ್ಟದ್ದುಂಟೇ?

ಮೊದಲ ದಿನ ಹೇಗೋ ತಡೆದುಕೊಂಡೆ. ಎರಡನೇ ದಿನ ಕಾಫಿಗೆ ಸ್ಪ್ರಿಂಕ್ಲರ್ ಹಚ್ಚುವ ಸರದಿ. ಕಾಫಿಯವರಿಗೆ ಇದು ಹೇಳಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಮೊಗ್ಗು ಕಟ್ಟಿದ ಗಿಡ ಒಣಗಿ ನಿಂತಿರುತ್ತದೆ. ಆಗ ಒಂದು ಒಳ್ಳೆ ಮಳೆ ಬಿದ್ದರೆ ವಾರ ಒಂಬತ್ತು ದಿನದಲ್ಲಿ ತೋಟವಿಡೀ ಬೆಳ್ಳಗೆ ಹೂವು. ಅದೇ ಹೂಮಳೆ. ಆಕಾಶ ಕೊಡದಿದ್ದರೆ ನಾವೇ ಪೈಪಿನಲ್ಲಿ ಕೊಡುತ್ತೇವೆ.

ನೀರು ಚಿಮ್ಮುವುದನ್ನು ನೋಡುತ್ತಾ ನಿಂತವನಿಗೆ ತಲೆಯಲ್ಲಿ ಬಲ್ಬು ಹತ್ತಿತು. ಗಿರಿಜಾ ಗಿಡವನ್ನು ಚೆನ್ನಾಗಿ ಒಣಗಿಸಿದ್ದಾಳೆ, ಅಂದರೆ ಅರ್ಧ ಕೆಲಸ ಮುಗಿದಿದೆ. ಹೂಮಳೆ ಒಂದು ಬಾಕಿ. ಒಂಬತ್ತನೇ ದಿನಕ್ಕೆ ಹೂ, ಹನ್ನೆರಡನೇ ದಿನಕ್ಕೆ ಅವಳು. ಏಳು ವರ್ಷ ಕಾದವಳ ಮುಖ ಹೇಗೆ ಅರಳಬಹುದು! ನಿಜ ಹೇಳುತ್ತೇನೆ, ಪ್ರೀತಿಯಿಂದಲೇ ಮಾಡಿದೆ.

ಚಟ್ಟಿಯನ್ನು ಹೊತ್ತು ಕಾಫಿ ಗಿಡಗಳ ನಡುವೆ ಇಟ್ಟೆ. ಸಂಜೆಯವರೆಗೆ ನೆನೆಯಿತು. ಮರುದಿನ ಪೈಪು ಮುಂದಿನ ಸಾಲಿಗೆ ಹೋಯಿತು, ಚಟ್ಟಿಯೂ ಹೋಯಿತು. ಜೊತೆಗೆ ಎರಡು ಚೊಂಬು ಸೆಗಣಿ ನೀರು. ಆರನೇ ದಿನ ಎಲೆ ಹಳದಿಯಾದವು. ಹಸಿವಿರಬೇಕು ಅಂತ ಇನ್ನೊಂದು ಚೊಂಬು ಕೊಟ್ಟೆ.

ಒಂಬತ್ತನೇ ದಿನ ಬೆಳಿಗ್ಗೆ ತೋಟವೆಲ್ಲ ಬೆಳ್ಳಗೆ, ಘಮಘಮ. ಅದರ ಮಧ್ಯೆ ಬೋಳು ಕೊಂಬೆಯ ಅಡೇನಿಯಂ. ಹೊಟ್ಟೆ ಮುಟ್ಟಿದೆ. ಹಣ್ಣಾದ ಪಪ್ಪಾಯಿಯ ಹಾಗೆ ಬೆರಳು ಒಳಗೆ ಹೋಯಿತು.

ಚಟ್ಟಿ ಎತ್ತಿಕೊಂಡು ಮೀನಂಗಡಿ ಅನ್ನುವ ಊರಿಗೆ ಓಡಿದೆ. ಅಲ್ಲಿ ಪರಿಚಯದ ಜೋಯಿ ನರ್ಸರಿ ಇಟ್ಟಿದ್ದಾನೆ. ಹೊಟ್ಟೆ ಒತ್ತಿ, ಬೆರಳು ಮೂಸಿ, 'ಎತ್ರ ವೆಳ್ಳಂ ಕೊಡುತ್ತು ಚೇಟ್ಟಾ?' ಅಂದ. ಎಷ್ಟು ನೀರು ಕೊಟ್ಟಿರಿ ಅಣ್ಣಾ ಅಂತ. ಹೂಮಳೆಯ ಕತೆ ಹೇಳಿದೆ. ಅವನು ನಗಲಿಲ್ಲ. (ಅವನಿಗೂ ಕಾಫಿ ತೋಟವಿದೆ.) ಕಾಫಿಗೆ ನೀರು ಹೂ ತರುತ್ತದೆ, ಇದಕ್ಕೆ ಬಿಸಿಲು ತರುತ್ತದೆ, ರಾತ್ರಿ ಇಷ್ಟು ಚಳಿ ಇರುವಾಗ ಇದನ್ನು ನೆನೆಸಿದರೆ ಕೊಳೆಯದೆ ಏನಾಗುತ್ತದೆ ಅಂದ. ಕೊಳೆತದ್ದನ್ನೆಲ್ಲ ಬಿಳಿ ತಿರುಳು ಕಾಣುವವರೆಗೆ ಕೊಯ್ದು ತೆಗೆದ. ಅರ್ಧ ಹೊಟ್ಟೆ ಹೋಯಿತು. ಏನೋ ಪುಡಿ ಸವರಿ ಹೇಳಿದ: ನೆರಳಿನಲ್ಲಿ ತೂಗುಹಾಕಿ, ಗಾಯ ಒಣಗುವವರೆಗೆ ಮುಟ್ಟಬೇಡಿ.

ಮತ್ತೆ ಅದೇ! ಮುಟ್ಟಬೇಡಿ!

ಹೀಗೆ ಅದು ಬಟ್ಟೆ ಹಗ್ಗ ಸೇರಿತು. ಕೊಟ್ಟಿಗೆಯ ಹಿಂದಿನಿಂದ ನಾನು ಈಚೆ ಬರುವಷ್ಟರಲ್ಲಿ ಗಿರಿಜಾ ಅದನ್ನು ಬಿಚ್ಚಿ, ಗಾಯ ನೋಡುತ್ತಾ ಜಗಲಿಯ ಮೇಲೆ ಕೂತಿದ್ದಳು.

'ಈ ಗುರುತು ಏನು?'

'ಒಣಗಿದ್ಯಾ ಅಂತ ಹೆಬ್ಬೆರಳಲ್ಲಿ ಒತ್ತಿ ನೋಡ್ದೆ.'

'ಎಷ್ಟು ಸಲ?'

ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ. ಗಿಡವನ್ನು ಮಡಿಲಲ್ಲಿ ಮಲಗಿಸಿಕೊಂಡು ಅಂದಳು: 'ನಿಮ್ ಜೊತೆ ಇಪ್ಪತ್ತೊಂಬತ್ತು ವರ್ಷ ನಾನು ಹ್ಯಾಗಿದ್ದೆ ಅಂತ ಇದ್ಕೆ ಈಗ ಗೊತ್ತಾಗಿರ್ತದೆ ಬುಡಿ.'

ಆ ಮಾತು ಇನ್ನೂ ಚುಚ್ಚುತ್ತಿದೆ. ಹಿಂದೊಮ್ಮೆ ಅವಳು ಹೊಲಿಗೆ ಕಲಿಯಬೇಕು ಅಂದಿದ್ದಳು. ಮರುದಿನವೇ ಮೆಷಿನ್ ತಂದೆ. ವಾರದೊಳಗೆ ಊರಿಗೆಲ್ಲ ಹೇಳಿ ಆರು ಬ್ಲೌಸಿನ ಆರ್ಡರ್ ಹಿಡಿದೆ. ಪಕ್ಕದಲ್ಲಿ ನಿಂತು ದಾರ ಪೋಣಿಸಿಕೊಟ್ಟೆ. ಮೊದಲ ಬ್ಲೌಸಿನ ಕುತ್ತಿಗೆ ಕೆಟ್ಟಿತು, ಅವಳು ಎದ್ದು ಹೋದಳು. ಅವಳಿಗೆ ಹಟ ಸಾಲದು ಅಂತ ಇಷ್ಟು ವರ್ಷ ತಿಳಿದಿದ್ದೆ. ಆ ಮೆಷಿನ್ ಮೇಲೆ ಈಗ ಟಿವಿ ಇದೆ.

ಗಾಯ ಒಣಗಿದ ಮೇಲೆ ಗಿರಿಜಾ ಗಿಡವನ್ನು ಹೊಸ ಮರಳಿನಲ್ಲಿ ನೆಟ್ಟು, ಪಕ್ಕದ ಮನೆ ಲೀಲಕ್ಕನ ಟೆರಸಿನಲ್ಲಿ ಇಟ್ಟಳು. ಅಲ್ಲಿ ಬಿಸಿಲು ಜಾಸ್ತಿ ಅಂದಳು. ನಾನು ಅಲ್ಲಿಲ್ಲ ಅನ್ನುವುದನ್ನು ಬಾಯಿಬಿಟ್ಟು ಹೇಳಲಿಲ್ಲ. ಎರಡು ತಿಂಗಳಿಗೂ ಮೇಲಾಯಿತು. ದಿನಾ ಸಂಜೆ ಹೋಗುತ್ತಾಳೆ. ಏನಾಯಿತು ಅಂತ ಕೇಳಿದರೆ 'ಅದೆ' ಅನ್ನುತ್ತಾಳೆ, ಬದುಕಿದೆ ಅಂತ, ಅಷ್ಟೇ. ನಾನು ಅಂಗಳದಲ್ಲಿ ಶತಪಥ.

ಮೊನ್ನೆ ಲೀಲಕ್ಕ ಬೇಲಿಯಾಚೆಯಿಂದ ಕೂಗಿ ಹೇಳಿದರು, 'ನಿಮ್ಮೋಳ ಗಿಡ ಹೂ ಬುಟ್ಟದೆ ಕಣಪ್ಪ, ಮೂರು!' ಗಿರಿಜಳ ಮುಖ ನೋಡಿದೆ. 'ಬನ್ನಿ ನೋಡೀರಂತೆ. ಕೈ ಹಿಂದಕ್ಕೆ ಕಟ್ಕೊಂಡು ಬನ್ನಿ' ಅಂದಳು.

ಕೈ ಹಿಂದಕ್ಕೆ ಕಟ್ಟಿಕೊಂಡೇ ಮೆಟ್ಟಿಲು ಹತ್ತಿದೆ. ಅರ್ಧ ಹೊಟ್ಟೆಯ ಗಿಡ, ಮೂರು ಗುಲಾಬಿ ಬಣ್ಣದ ಹೂ. ಅವಳು ಅದನ್ನು ನೋಡುತ್ತಿದ್ದಳು, ನಾನು ಅವಳನ್ನು. ಈ ಖುಷಿಯಲ್ಲಿ ನನ್ನ ಪಾಲು ಎಳ್ಳಷ್ಟೂ ಇರಲಿಲ್ಲ. ಹೊಟ್ಟೆಕಿಚ್ಚಾಯಿತು, ಸಂತೋಷವೂ ಆಯಿತು.

ಆಗ ಕಂಡಿತು, ಚಟ್ಟಿಯಲ್ಲಿ ಒಂದೇ ಒಂದು ಒಣಗಿದ ಎಲೆ ಬಿದ್ದಿತ್ತು. ನೀವೇ ಹೇಳಿ, ಹಿಂದಕ್ಕೆ ಕಟ್ಟಿದ ಕೈ ಬಿಚ್ಚಿ ನಾನು ಅದನ್ನಾದರೂ ತೆಗೆಯಬಹುದಿತ್ತಲ್ಲವೇ?