ಪಕ್ಕದ ಮನೆಯಾಕೆ ಹೊಲಿದ ಕೌದಿ

ಸೂಜಿ ನೂಕಿ ನೂಕಿ ಆಕೆಯ ನಡುಬೆರಳ ತುದಿ ಹುಣಸೆಬೀಜದಂತೆ ಗಟ್ಟಿಯಾಗಿ ಹೊಳೆಯುತ್ತಿತ್ತು. ನನ್ನ ಮೊಮ್ಮಗಳು ಆ ಬೆರಳು ಹಿಡಿದು ಟಕಟಕ ಗೋಡೆಗೆ ಬಡಿಸಿ ನಗುತ್ತಿದ್ದಳು. ನನ್ನ ಬೆರಳುಗಳೋ ಮೆತ್ತಗಿದ್ದವು. ಅವನ್ನು ಹಿಡಿಯುವವರೇ ಇರಲಿಲ್ಲ.

ಶಿಕಾರಿಪುರದಲ್ಲಿ ಆಕೆ ನಮ್ಮ ಪಕ್ಕದ ಮನೆಯವಳು. ಕುರಿ ಸಾಕುವ ಮನೆತನ. ಮಧ್ಯಾಹ್ನವೆಲ್ಲ ಜಗಲಿಯ ಮೇಲೆ ಕೂತು ಹಳೆ ಬಟ್ಟೆಯ ಕೌದಿ ಹೊಲಿಯುತ್ತಿದ್ದಳು.

ತೊಂಬತ್ತರ ದಶಕದ ಮಾತು. ಮಿಲಿಟರಿಯಲ್ಲಿದ್ದ ನನ್ನ ಮಗ ನಿವೃತ್ತಿಯಾಗಿ, ಹೆಂಡತಿ ಮಗಳನ್ನು ಕಟ್ಟಿಕೊಂಡು ಪಂಜಾಬಿನಿಂದ ಹೊರಟ. ಇಲ್ಲಿ ಬಾಡಿಗೆ ಮನೆ ಗೊತ್ತುಮಾಡಿ, ಸೊರಬದ ಹಳ್ಳಿಯಲ್ಲಿದ್ದ ನನ್ನನ್ನು ಮೊದಲೇ ಕರೆಸಿದ್ದ. ಮೊಮ್ಮಗಳನ್ನು ನಾನು ಫೋಟೋದಲ್ಲಷ್ಟೇ ಕಂಡಿದ್ದು. ನನ್ನ ಹಿಗ್ಗು ಏನು ಹೇಳಲಿ! ನೆಲ ಒರೆಸುತ್ತ ಒಬ್ಬಳೇ ಹಾಡಿಕೊಳ್ಳುತ್ತಿದ್ದೆ.

ಅವರು ಬಂದಿಳಿದ ಬೆಳಿಗ್ಗೆ ಹೊಸ ಮನೆಯಲ್ಲಿ ಹಾಲು ಉಕ್ಕಿಸಲು ನಾನು ಒಲೆಯ ಮುಂದೆ ಕೂತಿದ್ದೆ. ಗಂಡನಿಲ್ಲದವಳು ಆರತಿ ಹಿಡಿಯಬಾರದೆಂಬುದು ನಮ್ಮಲ್ಲಿಯ ಪದ್ಧತಿ. ಮುತ್ತೈದೆ ಬೇಕಲ್ಲ ಎಂದು ಪಕ್ಕದಾಕೆಯನ್ನು ನಾನೇ ಕರೆದಿದ್ದೆ. ಹಸಿರು ಸೀರೆಯುಟ್ಟು, ಆರತಿ ತಟ್ಟೆ ಹಿಡಿದು ಆಕೆ ಬಾಗಿಲಲ್ಲಿ ನಿಂತಳು. ಪದ್ಧತಿಯೆಲ್ಲ ಮರೆತಿದ್ದ ಮಗ ರೈಲಿನುದ್ದಕ್ಕೂ ಮಗುವಿಗೆ ಹೇಳಿಕೊಂಡು ಬಂದಿದ್ದನಂತೆ, "ಬಾಗ್ಲಲ್ಲಿ ಯಾರು ಆರತಿ ಎತ್ತುತಾರೋ ಅವ್ರೇ ನಿನ್ನಜ್ಜಿ."

ಮಗು "ಅಜ್ಜೀ" ಎಂದು ಓಡಿ ಆಕೆಯ ಕಾಲು ತಬ್ಬಿಕೊಂಡಿತು. ಒಳಗೆ ಹಾಲು ಉಕ್ಕಿ ಒಲೆಯೇ ಆರಿತು.

ಆಮೇಲೆ ಎಷ್ಟು ತಿಳಿಹೇಳಿದರೂ ಮಗು ಕೇಳಲಿಲ್ಲ. ಹೊಸ ಊರು, ಹೊಸ ಮಾತು, ಹೊಸ ಅನ್ನ. ಎಲ್ಲದಕ್ಕೂ ಅಳು, ಆಕೆಯ ಜಗಲಿಯಲ್ಲಿ ಮಾತ್ರ ನಗು. ನಾನು ಕಾಯಿಕಡುಬು ಮಾಡಿಕೊಟ್ಟರೆ ಫ್ರಾಕಿನಲ್ಲಿ ಕಟ್ಟಿಕೊಂಡು ಅಲ್ಲಿಗೇ ಓಡುತ್ತಿದ್ದಳು.

"ಕಡುಬು ಚಲೋ ಆಗೈತವ್ವ. ಬೆಲ್ಲ ಒಂಚೂರು ಕಮ್ಮಿ," ಎಂದು ಆಕೆ ಬೇಲಿಯಾಚೆಯಿಂದ ಕೂಗಿದಳು.

"ನಿಂಗೆ ಅಂತ ಮಾಡಿದ್ದಲ್ಲ ಮಾರಾಯ್ತಿ!"

ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

ಒಂದು ದಿನ ಬಂದು ನನ್ನ ಹಳೆ ಸೀರೆ ಕೇಳಿದಳು. "ಒಗೀಬ್ಯಾಡ ಮತ್ತೆ. ಉಟ್ಟು ಬಿಟ್ಟಿದ್ನೇ ಕೊಡು."

"ಮೊಮ್ಮಗಳು ಸಾಲ್ದು ಅಂತ ಸೀರೆನೂ ಬೇಕನೇ?"

"ಹ್ಞೂಂ, ಎಲ್ಲಾ ಬೇಕು. ಕೊಡ್ತೀಯೋ ಇಲ್ವೋ?"

ಸಿಟ್ಟಿನಲ್ಲೇ ಎರಡು ಸೀರೆ ಎಸೆದೆ. ಅವನ್ನು ಹರಿದು ಪುಟ್ಟ ಕೌದಿ ಹೊಲಿದು ಮಗುವಿಗೆ ಕೊಟ್ಟಳು. ಮಗು ಅದನ್ನು ಬಿಟ್ಟು ಮಲಗದಾಯಿತು. ಅದೂ ಆಕೆಯದೇ ಗೆಲುವು ಎಂದುಕೊಂಡೆ.

ಒಂದು ಮಧ್ಯಾಹ್ನ ಅಂಗಳದಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದೆ. ಮಗು ಕೌದಿ ಎಳೆದುಕೊಂಡು ಬಂದಿತು. ನನ್ನ ಸೆರಗು ಮೂಸಿತು. ಕೌದಿ ಮೂಸಿತು. ಮತ್ತೆ ಸೆರಗು ಮೂಸಿತು. ಮೊರವನ್ನು ತಳ್ಳಿ ನನ್ನ ಮಡಿಲಲ್ಲಿ ಕೂತು, "ನೀನೂ ಅಜ್ಜಿನಾ?" ಎಂದಿತು.

ಅಕ್ಕಿಯೆಲ್ಲ ನೆಲಕ್ಕೆ ಚೆಲ್ಲಿ ಕೋಳಿಗಳ ಪಾಲಾಯಿತು. ಆಗಲಿ, ನಾನು ಮಿಸುಕಲಿಲ್ಲ.

"ತಾಯಿ ಸತ್ತ ಮರಿನ ಬ್ಯಾರೆ ಕುರಿಗೆ ಬಿಡೋವಾಗ ಆ ಕುರಿ ವಾಸ್ನೆ ಮರಿ ಮೈಗೆ ಹಚ್ತೀವಿ ಕಣವ್ವ," ಎಂದಳು ಆಕೆ ಜಗಲಿಯಿಂದ. "ಅಂಗೇ ನಿನ್ ಗುರ್ತು ಹತ್ತಲಿ ಅಂತ ಮಾಡ್ದೆ. ಇನ್ನು ಮರಿ ನಿಂದು. ಕಡುಬು ಮಾತ್ರ ನಂಗೂ ಕಳ್ಸು."

ಕಳಿಸಿದೆ, ಬೆಲ್ಲ ಹೆಚ್ಚು ಹಾಕಿ. ಕೆಲವು ವರ್ಷಗಳ ನಂತರ ಒಂದು ಬೇಸಿಗೆಯಲ್ಲಿ ಆಕೆ ತೀರಿಕೊಂಡಾಗ ಮೊಮ್ಮಗಳು ನನ್ನ ಮಡಿಲಲ್ಲೇ ಮುಖವಿಟ್ಟು ಅತ್ತಳು.

ಮೊನ್ನೆ ಕೌದಿಯ ಮೇಲಿನ ಬಟ್ಟೆ ಸವೆದು ಹರಿಯಿತು. ನನ್ನ ಮಾಸಲು ಸೀರೆಯ ಕೆಳಗಿಂದ ಹಸಿರು ತುಂಡೊಂದು ಇಣುಕಿತು, ಆರತಿಯ ದಿನ ಆಕೆ ಉಟ್ಟಿದ್ದ ಸೀರೆಯದು. ಕಳ್ಳಿ! ತನ್ನ ವಾಸನೆಯನ್ನೂ ಒಳಗೆ ಸೇರಿಸಿಟ್ಟು ಹೋಗಿದ್ದಾಳೆ. ತೇಪೆ ಹಾಕಿ ಮುಚ್ಚೋಣವೆಂದು ಸೂಜಿ ಪೋಣಿಸಿದೆ.

"ಅಲ್ಲಿ ಮುಚ್ಚಬೇಡ ಅಜ್ಜಿ, ನಾನು ಕೆನ್ನೆ ಇಡೋ ಜಾಗ ಅದು," ಎಂದಳು ಈಗ ನನಗಿಂತ ಎತ್ತರ ಬೆಳೆದಿರುವ ಮೊಮ್ಮಗಳು.

ಇಷ್ಟು ವರ್ಷದ ಮೇಲೂ ಹೊಟ್ಟೆ ಉರಿಯಿತು. ಇನ್ನಷ್ಟು ಹರಿಯದಂತೆ ಸುತ್ತಲೂ ಅಂಚು ಮಡಚಿ ಹೊಲಿದೆ. ಹಸಿರನ್ನು ಮುಚ್ಚಲಿಲ್ಲ.