ಬೆರಕೆ ರಬ್ಬರಿನ ಹಾಸಿಗೆ

ಯುದ್ಧ ಮುಗಿದ ಮರುವರ್ಷ ನನ್ನ ಗಂಡ ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಬಿದ್ದರು. ಹನಗೋಡಿನ ಕಡೆ ಆಗಿನ್ನೂ ಬ್ಯಾರನ್ನುಗಳು ಹೊಸವು. ಎತ್ತರದ ಮಣ್ಣುಗೋಡೆಯ ಮನೆ, ಒಳಗೆ ಸೂರಿನವರೆಗೂ ಅಡ್ಡಮರಗಳು. ಹಸಿ ಸೊಪ್ಪು ಕಟ್ಟಿದ ಕಡ್ಡಿಗಳನ್ನು ಆ ಅಡ್ಡಗಳಿಗೆ ನೇತುಹಾಕಿ, ಕೆಳಗಿನ ಕೊಳವೆಗಳಲ್ಲಿ ಬಿಸಿ ಹಾಯಿಸಿ ಹದ ಮಾಡುತ್ತಿದ್ದರು. ಕಡ್ಡಿ ಏರಿಸುವುದರಲ್ಲಿ ನಮ್ಮವರದು ಪಳಗಿದ ಕೈ. ಒಂದೊಂದು ಅಡ್ಡದ ಮೇಲೆ ಒಂದೊಂದು ಕಾಲಿಟ್ಟು ಮೇಲೆ ನಿಂತಿದ್ದಾಗ ಒಂದು ಅಡ್ಡ ಮುರಿಯಿತು. ಕೆಳಗಿದ್ದ ಇಟ್ಟಿಗೆ ಕಟ್ಟೆಗೆ ಬೆನ್ನು ಬಡಿಯಿತು.

ಬಾಗಿಲ ಹಲಗೆಯ ಮೇಲೆ ಹೊತ್ತು ತಂದಾಗ ಪೂರಾ ಎಚ್ಚರವಿತ್ತು. "ನನ್ ಕಾಲ ಯಾರಾದ್ರೂ ನೆಟ್ಟಗೆ ಮಾಡ್ರಲಾ" ಎಂದು ಕೇಳುತ್ತಲೇ ಇದ್ದರು. ಕಾಲುಗಳು ನೆಟ್ಟಗೇ ಇದ್ದವು.

ಹುಣಸೂರಿನಿಂದ ಬಂದ ಡಾಕ್ಟರು ಅಂಗಾಲಿಗೆ ಸೂಜಿ ಚುಚ್ಚಿದರು, ಮೊಣಕಾಲಿಗೆ ಚುಚ್ಚಿದರು, ತೊಡೆಗೆ ಚುಚ್ಚಿದರು. ಸೊಂಟದ ಮೇಲಕ್ಕೆ ಬಂದಾಗ ಮಾತ್ರ ಇವರು ಅಯ್ಯೋ ಎಂದರು. ಡಾಕ್ಟರು ನನ್ನನ್ನೂ ಅತ್ತೆಯನ್ನೂ ಜಗಲಿಗೆ ಕರೆದು ಹೇಳಿದರು: "ನಡೆಯೋ ಮಾತು ಬಿಡಿ. ಈಗ ಕಾಯಬೇಕಾದ್ದು ಚರ್ಮ. ಎರಡೆರಡು ಗಂಟೆಗೆ ಮಗ್ಗುಲು ಬದಲಾಯಿಸಿ, ಎಣ್ಣೆ ತಿಕ್ಕಿ. ಬೆನ್ನು ಹುಣ್ಣಾದರೆ ನನ್ನ ಕೈಲಿ ಏನೂ ಆಗಲ್ಲ."

ಹತ್ತಿ ಹಾಸಿಗೆ ಹದಿನೈದು ದಿನ ಬಂತು. ಉಚ್ಚೆ ಅವರ ಹತೋಟಿಯಲ್ಲಿರಲಿಲ್ಲ. ಹಿಡಿದ ಮಳೆಯಲ್ಲಿ ನೆನೆದ ಹತ್ತಿ ಒಣಗದೆ ಗಂಟುಗಂಟಾಗಿ ನಾರತೊಡಗಿತು. ಮುಂದಿನ ಸಲ ಬಂದ ಡಾಕ್ಟರು ಪಿರಿಯಾಪಟ್ಟಣದ ಒಬ್ಬ ಮಲಯಾಳಿ ವ್ಯಾಪಾರಿಯ ಗುರುತು ಹೇಳಿದರು. ಕೊಡಗಿನಲ್ಲಿ ತೋಟ ಮಾಡಿಕೊಂಡಿದ್ದ ಬಿಳಿ ದೊರೆಯೊಬ್ಬ ತನ್ನ ಸೀಮೆಗೆ ಹಿಂದಿರುಗುವಾಗ ಬಂಗಲೆಯ ಸಾಮಾನೆಲ್ಲ ಮಾರಿದ್ದನಂತೆ, ಅದರಲ್ಲಿ ರಬ್ಬರಿನ ಹಾಸಿಗೆಗಳಿವೆಯಂತೆ. ಬ್ಯಾರನ್ನಿನ ಯಜಮಾನರು ಬೆಲೆ ತಾವು ಕೊಡುವುದಾಗಿ ಹೇಳಿ ಕಳಿಸಿದರು. ಬೇರೆ ಯಾವ ಮಾತೂ ಹೇಳಿ ಕಳಿಸಲಿಲ್ಲ.

ಹೊರಡುವಾಗ ಯಾವ ಥರದ್ದು ತರಲಿ ಎಂದು ಇವರನ್ನೇ ಕೇಳಿದೆ.

"ನಂಗೇನ್ ಗೊತ್ತಾದದು? ಸೊಂಟದಿಂದ ಕೆಳಕ್ಕೆ ನಾನೇ ಇಲ್ವಲ್ಲ. ನಿಂಗೆ ಯಾವ್ದು ಅನ್ಕೂಲ್ವೋ ಅದ್ನ ತಕಬಾ."

ಪಕ್ಕದ ಮನೆಯವರನ್ನು ಇವರ ಹತ್ತಿರ ಕೂರಿಸಿ, ಅತ್ತೆ ಮತ್ತು ನಾನು ಗಾಡಿ ಕಟ್ಟಿಸಿಕೊಂಡು ಹೋದೆವು. ಅಂಗಡಿಯಲ್ಲಿ ಇದ್ದದ್ದು ಎರಡೇ ಹಾಸಿಗೆ, ಎರಡಕ್ಕೂ ಒಂದೇ ಬೆಲೆ. ವ್ಯಾಪಾರಿ ಒಂದರ ಮೇಲೆ ಅಂಗೈ ಊರಿದ. ಕೈ ಮಣಿಕಟ್ಟಿನವರೆಗೂ ಇಳಿಯಿತು.

"ಅಮ್ಮಾ, ಇದು ಪೂರಾ ರಬ್ಬರ್ ಹಾಲು. ಮರದ ಹಾಲೇ ಕಡೆದು ನೊರೆ ಬರಿಸಿ ಮಾಡೋದು. ಆ ಇನ್ನೊಂದು ಬೆರಕೆ. ಒಳಗೆ ತೆಂಗಿನ ನಾರು, ಮೇಲೆ ಮಾತ್ರ ರಬ್ಬರ್. ಮಲಗಿದೋರು ಏಳಲ್ಲ ಅಂದ್ರೆ ಮೊದಲಿನದೇ ತಕೊಳ್ಳಿ."

ಮೊದಲಿನದನ್ನು ನಾವಿಬ್ಬರೂ ಎತ್ತಲು ನೋಡಿದೆವು. ಸತ್ತ ಕರುವಿನ ಹಾಗೆ ನಡುವೆ ಜೋತುಬಿತ್ತು. ಬೆರಕೆಯದನ್ನು ನಾನೊಬ್ಬಳೇ ಎತ್ತಿ ಗೋಡೆಗೆ ಒರಗಿಸಿದೆ. ಆಮೇಲೆ ನಾಚಿಕೆ ಬಿಟ್ಟು ಒಂದು ಕೆಲಸ ಮಾಡಿದೆ. ವ್ಯಾಪಾರಿಗೆ ಅತ್ತ ತಿರುಗಿಕೊಳ್ಳಿ ಎಂದು ಹೇಳಿ, ಮೆತ್ತನೆಯದರ ಮೇಲೆ ಮೈಬಿಟ್ಟು ಮಲಗಿ, ನನ್ನನ್ನು ಮಗ್ಗುಲಿಗೆ ಹೊರಳಿಸಲು ಅತ್ತೆಗೆ ಹೇಳಿದೆ. ಅವರು ತಳ್ಳಿದಷ್ಟೂ ನಾನು ಗುಂಡಿಗೆ ಜಾರುತ್ತಿದ್ದೆ. ಬೆರಕೆಯದರ ಮೇಲೆ ಒಂದೇ ನೂಕಿಗೆ ಉರುಳಿದೆ.

"ಇದೇ ಇರ್ಲಿ" ಅಂದೆ.

ಅತ್ತೆ ಮೆತ್ತನೆಯದರ ಮೇಲಿಂದ ಕೈ ತೆಗೆದಿರಲಿಲ್ಲ. "ಅವ್ನ್ಗೆ ಮೆತ್ತಗಿರದು ಬ್ಯಾಡ್ವೇನವ್ವ?"

"ನನ್ ಕೈಲಿ ತಿರುಗ್ಸಕ್ಕಾಗ್ದಿದ್ರೆ ಮೆತ್ತಗಿದ್ದು ಏನ್ ಮಾಡದು?"

"ಆಯ್ತು ಬುಡು, ಹೊರಳಿಸೋಳು ನೀನು" ಎಂದು ಅತ್ತೆ ಸೆರಗು ಕೊಡವಿ ಗಾಡಿಯ ಕಡೆ ಹೋದರು.

ಮೊದಲ ತಿಂಗಳು ನಾನು ಮಾಡಿದ್ದೇ ಸರಿ ಅನ್ನಿಸಿತು. ಒಂದು ಕೈ ಭುಜಕ್ಕೆ, ಒಂದು ಕೈ ಸೊಂಟಕ್ಕೆ ಕೊಟ್ಟರೆ ಆಳು ಹೊರಳುತ್ತಿತ್ತು. ಒದ್ದೆಯಾದರೆ ಒರೆಸಿದರಾಯಿತು, ಮೇಲೆ ಹಾಸಿದ ಬಟ್ಟೆಯನ್ನು ಲಕ್ಷ್ಮಣತೀರ್ಥ ಹೊಳೆಯಲ್ಲಿ ಜಾಲಿಸಿ ತರುತ್ತಿದ್ದೆ. ಇವರು ಗೋಡೆಯ ಕಡೆ ತಿರುಗಿದಾಗ ಮಾತಾಡುತ್ತಿರಲಿಲ್ಲ, ಬಾಗಿಲ ಕಡೆ ತಿರುಗಿದಾಗ ದಾರಿಯಲ್ಲಿ ಹೋಗುವವರ ಹೆಸರು ಹೇಳುತ್ತಿದ್ದರು. ಒಮ್ಮೆ ಸೊಪ್ಪಿನ ಗಾಡಿಗಳು ಹೋದವು. "ಮ್ಯಾಲಿನ್ ಅಡ್ಡ ಬದಲಾಯ್ಸವ್ರಂತಾ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಎಣ್ಣೆ ತಿಕ್ಕಲು ಮಗ್ಗುಲಾಗಿಸಿದಾಗ ಬೆನ್ನಿನ ಕೊನೆಯ ಮೂಳೆಯ ಹತ್ತಿರ ಚರ್ಮ ಕಪ್ಪಗಾಗಿತ್ತು. ಸುತ್ತಲೂ ಚಾಪೆಯ ಹೆಣಿಗೆಯಂಥ ಗೆರೆಗಳ ಅಚ್ಚು. ಹಾಸಿದ್ದ ಬಟ್ಟೆ ಸರಿಸಿ ನೋಡಿದೆ. ಸೊಂಟ ಊರುವ ಜಾಗದಲ್ಲಿ ರಬ್ಬರು ಅಂಟಂಟಾಗಿ ಕಿತ್ತುಹೋಗಿ, ನಾರು ಮೇಲಕ್ಕೆ ನಿಂತಿತ್ತು. ನಾನು ದಿನಾ ಬೆನ್ನು ನೋಡುತ್ತಿದ್ದವಳು, ಹಾಸಿಗೆಯನ್ನು ಅಮುಕಿ ನೋಡಿರಲಿಲ್ಲ. ಇವರಿಗಂತೂ ಏನೂ ತಿಳಿದಿರಲಿಲ್ಲ. "ಯಾಕೆ, ಏನಾಯ್ತು? ಯಾಕ್ ಸುಮ್ನಾದೆ?" ಎಂದು ಗೋಡೆ ನೋಡಿಕೊಂಡೇ ಕೇಳಿದರು. ಏನಿಲ್ಲ ಅಂದೆ.

ಮೂರನೆಯ ದಿನ ಹುಣ್ಣು ಬಾಯಿಬಿಟ್ಟಿತು. ಡಾಕ್ಟರು ಬಂದು ಸತ್ತ ಮಾಂಸ ಕತ್ತರಿಸಿ ತೆಗೆಯುವಾಗ ಇವರು ಅವರ ಜೊತೆ ಹುಣಸೂರಿನ ಸಂತೆಯ ಮಾತಾಡುತ್ತಿದ್ದರು. ನಾನು ದೀಪ ಹಿಡಿದು ಮೂಳೆ ನೋಡುತ್ತಿದ್ದೆ. ಆಮೇಲೆ ಚಳಿಜ್ವರ ಹಿಡಿಯಿತು. ಒಂಬತ್ತು ದಿನ ಉರಿದರು. ಕೊನೆಕೊನೆಗೆ ನನ್ನನ್ನು ಬ್ಯಾರನ್ನಿನ ಆಳೆಂದು ತಿಳಿದು, "ಕಡ್ಡಿ ಕೊಡ್ಲಾ, ಕಡ್ಡಿ ಕೊಡು" ಎಂದು ಕೈ ಚಾಚುತ್ತಿದ್ದರು. ಒಂದು ಮಧ್ಯಾಹ್ನ ಚಾಚಿದ ಕೈ ಕೆಳಗೆ ಬಿತ್ತು.

ಕೆಲವು ದಿನ ಕಳೆದ ಮೇಲೆ ಡಾಕ್ಟರು ಆ ದಾರಿಯಲ್ಲಿ ಬಂದವರು ಜಗಲಿಯ ಹತ್ತಿರ ನಿಂತರು. ನಾನು ಕೇಳಿಯೇಬಿಟ್ಟೆ: ಇನ್ನೊಂದನ್ನು, ಆ ಪೂರಾ ರಬ್ಬರಿನದನ್ನು ತಂದಿದ್ದರೆ ಉಳಿಯುತ್ತಿದ್ದರೇ?

"ಎಣ್ಣೆ ರಬ್ಬರನ್ನು ತಿಂದುಹಾಕುತ್ತೆ, ತಾಯಿ. ಅದನ್ನ ನಾನು ಹೇಳಬೇಕಿತ್ತು, ಹೇಳಲಿಲ್ಲ. ಅಪ್ಪಟದ್ದಾದರೂ ಕೆಡುತ್ತಿತ್ತು."

"ಅದರಲ್ಲಿ ನಾರಿರಲಿಲ್ಲವಲ್ಲ" ಅಂದೆ.

ಅವರು ಚೀಲ ಎತ್ತಿಕೊಂಡು ಹೊರಟರು.

ಒಳಗೆ ಅತ್ತೆ ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಸಂಜೆ ಮುದ್ದೆ ತಟ್ಟೆ ಮುಂದೆ ಕೂತಾಗ, ಕೋಪವಿಲ್ಲದೆ, ದಾರಿ ಕೇಳುವವರ ಹಾಗೆ ಕೇಳಿದರು: "ಆ ಹಾಸ್ಗೆನ ಅವ್ನಿಗೇಂತ ಆರ್ಸಿದ್ಯವ್ವ, ನಿಂಗೇಂತ ಆರ್ಸಿದ್ಯಾ?"

ಬೇರೆ ಏನಾದರೂ ಹೇಳಬಹುದಿತ್ತು. "ನಂಗೇಂತ" ಅಂದೆ.

ಅತ್ತೆ ತಲೆಯಾಡಿಸಿ, ನನ್ನ ತಟ್ಟೆಗೆ ಸಾರು ಬಿಟ್ಟರು. ಮತ್ತೆಂದೂ ಆ ಮಾತು ಎತ್ತಲಿಲ್ಲ. ಇನ್ನೂ ಹನ್ನೊಂದು ವರ್ಷ ನಾವಿಬ್ಬರೂ ಅದೇ ಮನೆಯಲ್ಲಿದ್ದೆವು. ಅವರು ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆನೋ ಏನೋ. ಅವರು ಬೈಯಲಿಲ್ಲ.